ಬದುಕಿ ಬಂದವರ ಮನೆಗೆ ಹೋಗುವ ಕೆಲಸ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತು ಕೈಗೆ ಬರುವುದಿಲ್ಲ. ಹದಿನೆಂಟು ದಿನದ ಕೂಸು. ಮೈತ್ರಿ ಅಂತ ಹೆಸರಿಟ್ಟಿದ್ದೇವೆ. ಹೆಸರಿಡುವ ದಿನ ಎಲ್ಲರೂ ಕಣ್ಣು ಮುಚ್ಚಿ ಬುದ್ಧವಂದನೆ ಹೇಳುತ್ತಿದ್ದರೆ ನಾನೊಬ್ಬಳು ಒಂದು ಕಣ್ಣು ತೆರೆದು ತೊಟ್ಟಿಲನ್ನೇ ನೋಡುತ್ತಿದ್ದೆ. ಓಣಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ್ದೇನೆ. ಗ್ಯಾಸ್ ಸಿಲಿಂಡರ್ ತಂದವನಿಗೂ ತೋರಿಸಿದೆ. ಪಾಪ ಅವನು, ಸಿಲಿಂಡರ್ ಹೆಗಲ ಮೇಲೆ ಹೊತ್ತುಕೊಂಡೇ, "ಛಲೋ ಅದಾಳ್ರಿ ಆಯಿ, ಈಗ ಇದು ಎಲ್ಲಿ ಇಳಸ್ಲಿ?" ಅಂದ.

ಇಂಥ ಸಂಭ್ರಮದಲ್ಲಿ ಬರೆಯಲು ಕೂತದ್ದು ಸವಿತಾಳ ಕಾಟಕ್ಕೆ. ಬೀದರಿನ ದವಾಖಾನೆಯಲ್ಲಿ ನಾನು ಬಿಟ್ಟುಬಂದ ಜಾಗಕ್ಕೆ ಹೊಸದಾಗಿ ಸೇರಿದ ಹುಡುಗಿ ಅವಳು. ಕೂಸು ನೋಡಲು ಬಂದವಳು ಕೂಸು ನೋಡುವುದು ಬಿಟ್ಟು ನನ್ನನ್ನೇ ಹಿಡಿದಳು. "ಮೌಶಿ, ಈ ಕೆಲಸದಾಗ ಏನ್ ಮಾಡ್ಬೇಕಂತ ಯಾರೂ ಬರೋಬ್ಬರಿ ಹೇಳವಲ್ಲರು. ನೀವ ಒಂದಿಷ್ಟು ಬರದು ಕೊಡ್ರಿ" ಅಂದಳು. ನಾನು ಕಲಿತದ್ದು ನಾಲ್ಕನೇ ಇಯತ್ತೆಯವರೆಗೆ. ಒತ್ತಕ್ಷರ ತಪ್ಪಿದ್ದರೆ ಅವಳೇ ತಿದ್ದಿಕೊಳ್ಳಲಿ. ಒಂದು ಸಾಲು ಬರೆಯುತ್ತೇನೆ, ಎದ್ದು ಹೋಗಿ ತೊಟ್ಟಿಲು ನೋಡಿ ಬರುತ್ತೇನೆ. ನಿವೃತ್ತಿ ಆದ ಮೇಲೂ ನನಗೆ ಒಂದು ಕಡೆ ಕೂರಲು ಬಂದಿಲ್ಲ.

ಮೊದಲ ಇಪ್ಪತ್ತು ವರ್ಷ ನಾನು ವಾರ್ಡಿನಲ್ಲಿ ಆಯಾ. ನೆಲ ಒರೆಸಿದೆ, ಹಾಸಿಗೆ ಬದಲಿಸಿದೆ, ಸ್ಟ್ರೆಚರ್ ತಳ್ಳಿದೆ. ಅದನ್ನೇನು ಬರೆಯುವುದು. ಕೊನೆಯ ಹದಿನಾಲ್ಕು ಹದಿನೈದು ವರ್ಷ ಮಾತ್ರ ಒಂದು ಸಣ್ಣ ಕೋಣೆಗೆ ಹಾಕಿದರು. ಅಲ್ಲಿ ಬರುವವರು ರೋಗಿಗಳಲ್ಲ, ರೋಗದಿಂದ ಬದುಕಿ ಬಂದವರು. ಕೆಲವರ ಎಲುಬಿನೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸುತ್ತದೆ, ಅಥವಾ ಕೆಟ್ಟ ರಕ್ತ ಮಾಡುತ್ತದೆ. ಅಂಥವರು ಹೈದರಾಬಾದಿಗೋ ಬೆಂಗಳೂರಿಗೋ ಹೋಗಿ ಅಣ್ಣನದೋ ತಂಗಿಯದೋ ಮಜ್ಜೆ ಹಾಕಿಸಿಕೊಂಡು ಬರುತ್ತಾರೆ. ಊರವರು ಹಾರ ಹಾಕುತ್ತಾರೆ, ಪೇಢೆ ಹಂಚುತ್ತಾರೆ, ಮುಗಿಯಿತು ಅನ್ನುತ್ತಾರೆ.

ಮುಗಿದಿರುವುದಿಲ್ಲ. ಅಣ್ಣನ ರಕ್ತ ತಂಗಿಯ ಮೈಯೊಳಗೆ ಸೇರಿದ ಮೇಲೆ ಒಮ್ಮೊಮ್ಮೆ ಆ ಮೈಯನ್ನೇ ಬೇರೆಯವರದು ಎಂದು ತಿಳಿದು ಜಗಳ ತೆಗೆಯುತ್ತದೆ. ಕಣ್ಣು ಒಣಗುತ್ತವೆ, ಬಾಯಿ ಕೆಡುತ್ತದೆ, ಚರ್ಮ ಬಿಗಿಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಉಸಿರು ಸಣ್ಣದಾಗುತ್ತದೆ. ವರ್ಷ ಕಳೆದ ಮೇಲೂ ಬರಬಹುದು. ಮೆಲ್ಲಗೆ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ಅವರು ಗುರುವಾರ ಗುರುವಾರ ತಮ್ಮ ಪಾಳಿಯಂತೆ ಬಂದು ತೋರಿಸಿಕೊಳ್ಳಬೇಕು, ಜೀವ ಇರುವ ತನಕ. ಬರದಿದ್ದವರ ಮನೆಗೆ ಬಸ್ ಹತ್ತಿ ಹೋಗುವುದು ನನ್ನ ಕೆಲಸವಾಗಿತ್ತು.

ಮೊದಲಿದ್ದ ಡಾಕ್ಟರ್ ಸಾಹೇಬರಿಗೆ ಈ ಕೆಲಸವೇ ತಮಾಷೆಯಾಗಿ ಕಾಣುತ್ತಿತ್ತು. "ಬದುಕಿ ಬಂದಾರಲ್ಲ ಸುನಂದಾ, ಇನ್ನೇನ್ ಬೇಕು ಅವರಿಗಿ? ನೀ ಸುಮ್ನ ಊರೂರು ತಿರಗಲಾಕತ್ತಿ" ಅನ್ನುತ್ತಿದ್ದರು. ಅವರ ಕಾಲದಲ್ಲಿ ನಾನು ಹೋಗಿ "ಬರ್ರಿ" ಅಂತ ಹೇಳಿ, ಚಹಾ ಕುಡಿದು ಬರುತ್ತಿದ್ದೆ. ಅವರ ನಂತರ ಮೈಸೂರು ಕಡೆಯ ಡಾಕ್ಟರ್ ಅಮ್ಮ ಬಂದರು. ಅವರು ಮೊದಲ ದಿನವೇ ಕೇಳಿದ್ದು, "ಬರ್ತಾರಾ ಇಲ್ವಾ ಅನ್ನೋದು ಬಿಡಿ ಸುನಂದಾ. ಮನೇಲಿ ಏನು ನೋಡಿದ್ರಿ, ಅದು ಹೇಳಿ." ಚಹಾದ ಕಪ್ಪು ಬಿಟ್ಟರೆ ಬೇರೇನನ್ನೂ ನಾನು ನೋಡಿರಲಿಲ್ಲ.

ನೋಡಲು ಕಲಿತದ್ದು ಔರಾದದ ವಿಠ್ಠಲ ಮಾಸ್ತರರ ಮನೆಯಲ್ಲಿ. ಅವರಿಗೆ ತಂಗಿಯ ಮಜ್ಜೆ ಹಾಕಿದ್ದರು. ಹಾಗೆ ಹಾಕಿದ ಮೇಲೆ ರಕ್ತದ ಗುಂಪೂ ಕೊಟ್ಟವರದೇ ಆಗಬಹುದು, ಮಾಸ್ತರರದೂ ಬದಲಾಗಿತ್ತು. ಅದನ್ನವರು ಔರಾದ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಅವರ ಹೆಂಡತಿಗೆ ಮಾತ್ರ ಸಿಟ್ಟು. "ಮೊದಲ ತಂಗಿ ಮಾತೇ ಕೇಳ್ತಿದ್ರು. ಈಗ ಮೈಯಾಗಿನ ರಕ್ತನೂ ಅಕೀದೇ. ಇನ್ನ ನಾ ಎಲ್ಲಿ ಹೋಗ್ಲಿ ಹೇಳ್ರಿ?" ಅಂತ ನನ್ನ ಮುಂದೆ ರೊಟ್ಟಿ ಬಡಿಯುತ್ತ ಕೇಳಿದರು.

ಮಾಸ್ತರರು ದವಾಖಾನೆಗೆ ಬಂದಾಗಲೆಲ್ಲ "ಎಲ್ಲಾ ಬೆಸ್ಟ್ ಅದ" ಅನ್ನುವವರೇ. ಆ ದಿನ ಊಟಕ್ಕೆ ಕೂತಾಗ ನೋಡಿದರೆ, ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ಮುಳುಗಿಸಿ, ಅದು ಅಂಬಲಿಯಾಗುವ ತನಕ ಕಾಯುತ್ತಿದ್ದರು. ಹಸಿಮೆಣಸಿನ ಖಾರ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಔರಾದದ ಗಂಡಸು ಖಾರ ಮುಟ್ಟುವುದಿಲ್ಲವೆಂದರೆ ಏನೋ ಇದೆ.

"ಮಾಸ್ತರೇ, ಬಾಯಿ ತೆಗೀರಿ."

"ನಾ ಏನ್ ಸಾಲಿ ಹುಡುಗನೇನು?"

"ತೆಗೀತೀರೋ, ವೈನಿಗಿ ಹೇಳ್ಲೋ?"

ಹೆಂಡತಿಯ ಸುದ್ದಿ ಬಂದದ್ದೇ ತೆಗೆದರು. ಒಳಗೆ ಕೆನ್ನೆಯ ತುಂಬ ಬಿಳಿ ಜಾಲರಿ ಕಟ್ಟಿತ್ತು. ಹೊಸ ರಕ್ತದ ಜಗಳ ಬಾಯಿಂದ ಶುರುವಾಗಿತ್ತು. ಮುಂದಿನ ಗುರುವಾರವೇ ಎಳೆದುಕೊಂಡು ಬಂದೆ, ದವಾ ಶುರುವಾಯಿತು. ಸವಿತಾ, ಯಾರ ಮನೆಗೆ ಹೋದರೂ ಅವರು ಊಟ ಮಾಡುವುದನ್ನು ನೋಡು. ಅವರ ಬಾಯಿ ಸುಳ್ಳು ಹೇಳಿದರೂ ತಾಟು ಹೇಳುವುದಿಲ್ಲ.

ಇಷ್ಟು ಬರೆದು ನಾನು ಬಹಳ ಶಾಣ್ಯಾಕಿ ಅನ್ನಿಸಿಕೊಳ್ಳಬಾರದು. ನನ್ನ ತಪ್ಪನ್ನು ಬರೆಯದೆ ಈ ಕೆಲಸ ಏನೆಂದು ಹೇಳಲು ಆಗುವುದಿಲ್ಲ.

ಭಾಲ್ಕಿ ತಾಲೂಕಿನ ಭಾತಂಬ್ರಾದಲ್ಲಿ ಭಾಗ್ಯಶ್ರೀ ಅಂತ ಹುಡುಗಿ. ಕುರಿ ಸಾಕುವ ಮನೆ, ಜೊತೆಗೆ ಒಂದಿಷ್ಟು ತೊಗರಿ ಹೊಲ. ಅವಳಿಗೆ ಹದಿನಾಲ್ಕು ತುಂಬಿದಾಗ ರಕ್ತ ಹುಟ್ಟುವುದೇ ನಿಂತಿತು. ಅಣ್ಣನ ಮಜ್ಜೆ ಕೂಡಿ ಬಂತು. ಹೈದರಾಬಾದಿನಲ್ಲಿ ಆರು ತಿಂಗಳು ಇದ್ದು, ಬೋಳುತಲೆಯಲ್ಲಿ ಸಣ್ಣ ಕೂದಲು ಮೂಡಿಸಿಕೊಂಡು ಮನೆಗೆ ಬಂದಳು. ಅಪ್ಪ ಅವ್ವ ಕುರಿಗಳ ಹಿಂದೆ ಹೋಗುವವರು, ಹುಡುಗಿಯ ಎಲ್ಲ ಆರೈಕೆ ಅಜ್ಜಿ ನೀಲಮ್ಮಳದು.

ಡಾಕ್ಟರ್ ಅಮ್ಮ ನನಗೆ ಹೇಳಿಕೊಟ್ಟಿದ್ದರು: "ಕಸಿ ಆದ್ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ಬಲ ಹೋಗಿಬಿಡುತ್ತೆ. ಮೊದಲಿಂದ ಮತ್ತೆ ಹಾಕಬೇಕು. ಮನೆಯವರಿಗೆ ತಿಳಿಯೋ ಹಾಗೆ ಹೇಳಿ, ಈಗ ತಾನೇ ಹುಟ್ಟಿದ ಮಗು ಇದ್ದ ಹಾಗೆ ಅಂತ." ನನಗೆ ಈ ಮಾತು ಬಹಳ ಮೆಚ್ಚಿಗೆಯಾಯಿತು. ಮೂರು ಹೆತ್ತವಳು ನಾನು, ಕೂಸಿನ ವಿಷಯ ಯಾರಿಂದ ಕಲಿಯಬೇಕು? ಭಾತಂಬ್ರಾಕ್ಕೆ ಹೋಗಿ ನೀಲಮ್ಮಳ ಮುಂದೆ ಪದ್ಮಾಸನ ಹಾಕಿ ಕೂತೆ.

"ಆಯಿ, ನಿಮ್ಮ ಮೊಮ್ಮಗಳು ಈಗ ಹಸಿಗೂಸು ಅಂತ ತಿಳ್ಕೋರಿ. ನೀರು ಕುದಿಸಿ ಕೊಡ್ರಿ, ಕುರಿ ಹತ್ತೂರ ಬಿಡಬ್ಯಾಡ್ರಿ. ಸೂಜಿ ಎಲ್ಲಾ ಮೊದಲಿಂದ ಹಾಕಸ್ಬೇಕು."

"ಹಸಿಗೂಸು ಅಂದ್ರ ಎಣ್ಣಿ ಹಚ್ಚಿ ಎರೀಬೇಕಲ್ಲವಾ?"

"ಎರೀರಿ."

"ಲೋಬಾನ?"

"ಹಾಕ್ರಿ. ಬ್ಯಾಡ ಅಂದೋರು ಯಾರು? ನಾ ನನ್ನ ಮೂರೂ ಮಕ್ಕಳಿಗಿ ಹಾಕೀನಿ."

ನಮ್ಮ ಕಡೆ ಕೂಸಿಗೆ ನೀರು ಹಾಕಿದ ಮೇಲೆ ಕೋಣೆಯ ಬಾಗಿಲು ಮುಚ್ಚಿ, ಕೆಂಡದ ಮೇಲೆ ಲೋಬಾನ, ಬೆಳ್ಳುಳ್ಳಿ ಸಿಪ್ಪೆ, ಅಜವಾನ ಉದುರಿಸಿ ಆ ಹೊಗೆಯಲ್ಲಿ ಮೈ ಕಾಯಿಸುತ್ತಾರೆ. ನೀಲಮ್ಮ ಅದನ್ನೇ ಹದಿನಾಲ್ಕರ ಹುಡುಗಿಗೆ ದಿನಾಲೂ ಮಾಡಿದಳು. ಹಗ್ಗದ ಹೊರಸಿನ ಮೇಲೆ ಕೂಡಿಸಿ, ಮೇಲೆ ಕಂಬಳಿ ಹೊಚ್ಚಿ, ಕೆಳಗೆ ಕೆಂಡ. ನಡುವೆ ಒಮ್ಮೆ ನಾನೇ ಹೋಗಿ ಕಣ್ಣಾರೆ ನೋಡಿದೆ. ಹೊಗೆಯೊಳಗಿಂದ ಭಾಗ್ಯ ಕೆಮ್ಮುತ್ತ ಕೂಗಿದಳು: "ಮೌಶಿ, ಇನ್ನ ತೊಟ್ಟಿಲೊಂದು ಬಾಕಿ ಅದ. ಅದನ್ನೂ ತರಲಾಕ ಹೇಳ್ರಿ!" ನಾನು ಹೊಟ್ಟೆ ಹಿಡಿದು ನಕ್ಕೆ. ದವಾಖಾನೆಗೆ ಬಂದು ಡಾಕ್ಟರ್ ಅಮ್ಮನಿಗೆ "ಆ ಮನ್ಯಾಗ ಭಾಳ ಛಲೋ ನೋಡ್ಕೋತಾರ" ಅಂತ ಹೇಳಿದೆ.

ನಾಲ್ಕು ತಿಂಗಳಾದವು. ನಮ್ಮ ಕೋಣೆಯಲ್ಲಿ ಊದುವ ಯಂತ್ರವೊಂದಿದೆ. ಕೊಳವೆ ಬಾಯಲ್ಲಿಟ್ಟು ಎದೆಯಲ್ಲಿರುವಷ್ಟೂ ಉಸಿರನ್ನು ಒಮ್ಮೆಗೇ ಊದಬೇಕು. ಎಷ್ಟು ಬಂತೆಂದು ಅಂಕಿ ತೋರಿಸುತ್ತದೆ. ಆ ಗುರುವಾರ ಭಾಗ್ಯ ಊದಿದಳು. ಡಾಕ್ಟರ್ ಅಮ್ಮ ಇನ್ನೊಮ್ಮೆ ಊದು ಅಂದರು. ಮತ್ತೊಮ್ಮೆ ಅಂದರು. ಹಿಂದಿನ ಅಂಕಿಗಿಂತ ಬಹಳ ಕೆಳಗೆ ಬಿದ್ದಿತ್ತು. ಹುಡುಗಿಯೂ ಆಗ ಬಾಯಿ ಬಿಟ್ಟಳು, ಮನೆಯ ಮಾಳಿಗೆ ಹತ್ತಿದರೆ ಏದುಸಿರು ಬರುತ್ತದೆ ಅಂತ.

"ಮನೇಲಿ ಹೊಗೆ ಇದೆಯಾ? ಸೌದೆ ಒಲೆ?" ಡಾಕ್ಟರ್ ಅಮ್ಮ ಕೇಳಿದರು.

"ಇಲ್ಲರಿ, ಗ್ಯಾಸ್ ಅದ" ಅಂದಳು ನೀಲಮ್ಮ. ಸುಳ್ಳಲ್ಲ. ಲೋಬಾನ ಅವಳ ಲೆಕ್ಕದಲ್ಲಿ ಹೊಗೆಯಲ್ಲ, ಔಷಧ.

ನಾನು ಫೈಲು ಹಿಡಿದುಕೊಂಡು ಗೋಡೆಗೆ ನಿಂತಿದ್ದೆ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಆಯಾ ಕೆಲಸದವಳು ಡಾಕ್ಟರಿಕೆ ಮಾಡಿದಳು ಅಂತ ತೆಗೆದು ಹಾಕಿದರೆ? ಒಬ್ಬ ಮಗಳ ಮದುವೆ ಇನ್ನೂ ಆಗಬೇಕಿತ್ತು. ಮುಂದಿನ ವಾರ ಹೈದರಾಬಾದಿಗೆ ಹೋಗಿ ತೋರಿಸಿರಿ ಎಂದು ಚೀಟಿ ಕೊಟ್ಟು ಅವರನ್ನು ಕಳಿಸಿದರು. ನಾನು ಬಾಗಿಲ ತನಕ ಹೋಗಿ ಬಂದೆ. ಒಂದು ಮಾತೂ ಆಡಲಿಲ್ಲ.

ಆ ವಾರ ಹೇಗೆ ಕಳೆಯಿತೆಂದು ಕೇಳಬೇಡಿ. ಒರೆಸಿದ ನೆಲವನ್ನೇ ಒರೆಸಿದೆ. ಔರಾದಕ್ಕೆಂದು ಹೊರಟು ಬೇರೆ ಬಸ್ ಹತ್ತಿ ಮನ್ನಳ್ಳಿಯಲ್ಲಿ ಇಳಿದೆ. ಊಟಕ್ಕೆ ಕೂತರೆ ಏಳುವುದು, ಎದ್ದರೆ ಎಲ್ಲಿಗೆ ಹೋಗಬೇಕೆಂದು ತಿಳಿಯದು. ಎಂಟನೆಯ ದಿನ ಡಾಕ್ಟರ್ ಅಮ್ಮ ಕೈ ತೊಳೆಯುತ್ತಿದ್ದಾಗ ಹಿಂದೆ ನಿಂತು ಎಲ್ಲವನ್ನೂ ಒದರಿಬಿಟ್ಟೆ.

ಅವರು ನಲ್ಲಿ ನಿಲ್ಲಿಸಿದರು. "ಯಾವಾಗಿನಿಂದ ಗೊತ್ತು ನಿಮಗೆ?"

"ಹೋದ ಗುರುವಾರದಿಂದ್ರಿ."

"ಅಂದ್ರೆ ಈ ಎಂಟು ದಿನವೂ ಅವಳು ಆ ಹೊಗೆಯಲ್ಲೇ ಕೂತಿದ್ದಾಳೆ."

ಬೈದಿದ್ದರೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. "ರೋಗ ಹೊಗೆಯಿಂದಲೇ ಬಂತು ಅಂತ ನಾನು ಹೇಳಲ್ಲ. ಹೊಗೆ ಇಲ್ಲದೆಯೂ ಇದು ಬರುತ್ತೆ. ಆದರೆ ಇಂಥ ಎದೆಗೆ ಹೊಗೆ ಆಗಬಾರದು. ಹೋದ ಉಸಿರು ವಾಪಸ್ ಬರೋದು ಕಷ್ಟ ಸುನಂದಾ. ಉಳಿದದ್ದನ್ನ ಹಿಡಿದಿಟ್ಟುಕೊಳ್ಳಬೇಕು, ಅಷ್ಟೇ" ಅಂದರು. ಮತ್ತೆ, "ಮಗು ಹಾಗೆ ಅಂತ ಹೇಳಿಕೊಟ್ಟವಳು ನಾನು. ಇಲ್ಲಿ ಮಗುವನ್ನ ಹೇಗೆ ನೋಡ್ಕೋತಾರೆ ಅಂತ ನಾನೂ ಕೇಳಲಿಲ್ಲ. ಈಗಲೇ ಹೊರಡಿ" ಅಂದರು.

ಭಾತಂಬ್ರಾದಲ್ಲಿ ನೀಲಮ್ಮ ಕೆಂಡಕ್ಕೆ ಬೀಸಣಿಕೆ ಬೀಸುತ್ತಿದ್ದಳು. ನಾನು ನೀರಿನ ತಂಬಿಗೆ ತೆಗೆದುಕೊಂಡು ಅದರ ಮೇಲೆ ಸುರಿದೆ. ಹೊಗೆ ಎದ್ದಿತು, ಮುದುಕಿಯೂ ಎದ್ದಳು.

"ಯಾಕ ಬೇ, ಹುಚ್ಚು ಹಿಡೀತೇನ ನಿನಗ?"

"ಆಯಿ, ಲೋಬಾನ ಬಂದ್ ಮಾಡ್ರಿ. ಅಕೀ ಎದಿಗಿ ಅದು ವಿಷ ಅದ. ನಿಮ್ಮ ತಪ್ಪಿಲ್ಲ. ನಾ ತಿಳೀದೆ ಹೇಳೀನಿ, ನಂದೇ ತಪ್ಪು."

ನೀಲಮ್ಮ ಬೀಸಣಿಕೆ ಕೆಳಗಿಟ್ಟಳು. "ನೀ ಹಾಕಂದಿ, ಹಾಕ್ದೆ. ನೀ ಬಿಡಂದಿ, ಬಿಡ್ತೇನಿ. ನಾಳೆ ಮತ್ತೇನ ಅಂತಿ?"

ಆ ದಿನದಿಂದ ನಾನು ಯಾವ ಮನೆಗೂ "ಕೂಸಿನಂಗ ನೋಡ್ಕೋರಿ" ಅಂತ ಹೇಳಿಲ್ಲ. "ಮುಂಜಾನಿ ಎದ್ದಾಗಿಂದ ಏನೇನ್ ಮಾಡ್ತೀರಿ, ಮಾಡಿ ತೋರಸ್ರಿ" ಅನ್ನುತ್ತಿದ್ದೆ. ಅಂಗಳದಲ್ಲಿ ಕೂತು ನೋಡುತ್ತಿದ್ದೆ. ತಿಳಿಯದ್ದು ಕೇಳಿದರೆ "ಡಾಕ್ಟರ್ ಅಮ್ಮಗ ಕೇಳಿ ಹೇಳ್ತೇನಿ" ಅನ್ನುತ್ತಿದ್ದೆ. ಸವಿತಾ, ಹಾಗೆ ಅಂದರೆ ಮರ್ಯಾದೆ ಹೋಗುವುದಿಲ್ಲ. ನಿನಗೆ ಮೂರು ಮಕ್ಕಳಿದ್ದರೂ ಹೋಗುವುದಿಲ್ಲ.

ಭಾಗ್ಯ ಹೈದರಾಬಾದಿಗೆ ಹೋಗಿ ಬಂದಳು. ಉಸಿರಿನಲ್ಲಿ ಎಳೆದುಕೊಳ್ಳುವ ಔಷಧ, ಹೊಸ ರಕ್ತದ ಜಗಳ ತಣಿಸುವ ಗುಳಿಗೆ. ಆ ಗುಳಿಗೆ ಜಗಳ ತಣಿಸಿದರೆ ರೋಗದೊಡನೆ ಕಾದಾಡುವ ಬಲವನ್ನೂ ಕಡಿಮೆ ಮಾಡುತ್ತದೆ, ಹಾಗಾಗಿ ನಿಮಗೆ ನಮಗೆ ನೆಗಡಿಯಾಗುವುದು ಅವಳಿಗೆ ದವಾಖಾನೆ ಸೇರುವ ಕಾಯಿಲೆಯಾಗುತ್ತದೆ. ಅಲ್ಲಿಂದ ಮುಂದೆ ಮೂರು ಮೂರು ತಿಂಗಳಿಗೆ ಅವಳು ಊದುವುದು, ನಾನು ಬಾಗಿಲ ಹೊರಗೆ ನಿಂತು ಕಾಯುವುದು. ಒಳಗೆ ನಿಂತು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವಳು ಹೊರಗೆ ಬಂದು "ಅಷ್ಟೇ ಅದ" ಅಂದರೆ, ಇಳಿದಿಲ್ಲ ಅಂತ ಅರ್ಥ. ಬೇರೆ ದವಾಖಾನೆಗಳಲ್ಲಿ ಜನ "ಕಡಿಮೆಯಾಯ್ತು", "ಗುಣವಾಯ್ತು" ಅಂತ ಕೇಳಿ ಕುಣಿಯುತ್ತಾರೆ. ನಮ್ಮ ಕೋಣೆಯಲ್ಲಿ "ಅಷ್ಟೇ ಅದ" ಅನ್ನುವುದಕ್ಕೇ ನಾನು ಮೂರು ತಿಂಗಳು ಕಾಯುತ್ತಿದ್ದೆ. ಎರಡು ಸಲ ಆ ಮಾತು ಬರಲಿಲ್ಲ. ಎರಡು ಸಲವೂ ಮತ್ತೆ ಹೈದರಾಬಾದು, ಮತ್ತೆ ಔಷಧ, ಮತ್ತೆ ಅಂಕಿ ಕಾಲೂರಿ ನಿಂತಿತು.

ಹುಡುಗಿ ಗಟ್ಟಿ. ಡಾಕ್ಟರ್ ಅಮ್ಮನನ್ನು ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತಿದ್ದಳು. ಇದು ಯಾಕ, ಅದು ತಿಂದ್ರ ಏನಾಗ್ತದ, ಯಾರ ಹತ್ತೂರ ಹೋಗಬಾರದು. ಇಪ್ಪತ್ತು ತುಂಬಿದಾಗ ಡಾಕ್ಟರ್ ಅಮ್ಮ ಅವಳನ್ನು ಕೂಡಿಸಿಕೊಂಡು, ಮಜ್ಜೆ ಹಾಕುವ ಮೊದಲು ಹೈದರಾಬಾದಿನಲ್ಲಿ ಕೊಟ್ಟ ಔಷಧಗಳಿಂದಾಗಿ ಮಕ್ಕಳಾಗುವುದು ಕಷ್ಟ ಎಂದು ತಿಳಿಸಿ ಹೇಳಿದರು. ಬಸ್ ಸ್ಟ್ಯಾಂಡಿನ ತನಕ ನಾನು ಜೊತೆಗೆ ಹೋದೆ. ದಾರಿಯುದ್ದಕ್ಕೂ ಅಳುವವಳು ನಾನೇ.

"ಮೌಶಿ, ಸುಮ್ನಾಗ್ರಿ. ಅತ್ತರ ನನಗ ಉಸಿರು ಹತ್ತತದ. ಇರೋದಿಷ್ಟು, ಅದನ್ನ ಅಳಲಾಕ ಖರ್ಚ ಮಾಡ್ಲೇನು?" ಅಂದಳು. ಭಾಲ್ಕಿ ಬಸ್ ಬಂತು. ಹತ್ತಿ ಕಿಟಕಿಯಿಂದ ಕೈ ಬೀಸಿದಳು.

ಈಗ ರೀತಿ ಬದಲಾಗಿದೆ. ಮೊದಲು ಪಾಳಿ ನೆನಪಿಸಲು ಅಂಚೆ ಕಾರ್ಡು ಹಾಕುತ್ತಿದ್ದೆವು, ಈಗ ಫೋನಿನಲ್ಲಿ ಮೆಸೇಜು, ವಿಡಿಯೋದಲ್ಲೇ ಮುಖ ನೋಡುತ್ತಾರೆ. ಒಳ್ಳೆಯದೇ, ದೂರದವರಿಗೆ ಅನುಕೂಲ. ಆದರೆ ವಿಡಿಯೋ ಮಾಡುವಾಗ ಎಲ್ಲರೂ ತಲೆ ಬಾಚಿಕೊಂಡು ಬೆಳಕಿಗೆ ಕೂರುತ್ತಾರೆ. ಕೆಂಡದ ಬೋಗುಣಿ ಮಂಚದ ಕೆಳಗೆ ಇದ್ದರೆ ಫೋನಿಗೆ ಕಾಣುವುದಿಲ್ಲ. ಆಗಾಗ ಬಸ್ ಹತ್ತು, ಸವಿತಾ.

ನಿವೃತ್ತಿಯಾದ ಮೇಲೆ ಗುರುವಾರ ಬಂದರೆ ನನಗೆ ಮನೆಯಲ್ಲಿ ನಿಲ್ಲಲಾಗುವುದಿಲ್ಲ. ಯಾರು ಬಂದರು, ಯಾರು ಬರಲಿಲ್ಲ ಅಂತ ಸವಿತಾಳಿಗೆ ಫೋನು ಹಚ್ಚಿ ಬೈಸಿಕೊಳ್ಳುತ್ತೇನೆ. ಈ ಗುರುವಾರ ಭಾಗ್ಯಳ ಪಾಳಿ ಎಂದು ನನಗೆ ಗೊತ್ತಿತ್ತು. ಈಗ ಅವಳಿಗೆ ಇಪ್ಪತ್ತಾರು. ಭಾಲ್ಕಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತಾಳೆ. ಮುಂಜಾನೆಯಿಂದ ಮನೆಯೊಳಗೆ ಹೊರಗೆ ತಿರುಗಿದೆ. ಮಗಳು ಬಾಣಂತಿ ಕೋಣೆಯಿಂದ, "ಅವ್ವಾ, ಒಂದ್ ಕಡಿ ಕೂಡು, ನನಗ ತಲಿ ತಿರಗಲಾಕತ್ತದ" ಅಂದಳು. ಮಗಳ ಅತ್ತೆ, ನಮ್ಮ ಬೀಗಿತ್ತಿ, ಕೂಸಿಗೆ ಅಂಗಿ ತಂದು ಕೂತಿದ್ದರು.

ಹನ್ನೆರಡರ ಸುಮಾರಿಗೆ ಬಾಗಿಲಲ್ಲಿ ಭಾಗ್ಯ. ಮುಖಕ್ಕೆ ಮಾಸ್ಕು, ಕೈಯಲ್ಲಿ ಕೂಸಿಗೆಂದು ಗಿಲಕಿ. ಮೆಟ್ಟಿಲು ಹತ್ತಿದ್ದರಿಂದ ಒಂದು ನಿಮಿಷ ಚೌಕಟ್ಟು ಹಿಡಿದು ನಿಂತಳು.

"ಊದಿ ಬಂದ್ಯಾ?" ಕೇಳಿದೆ.

"ಊದಿದೆ ಮೌಶಿ. ಅಷ್ಟೇ ಅದ."

ಅಷ್ಟೇ ಅದ! ನನ್ನ ಖುಷಿಗೆ ಮೊದಲೇ ಅಳತೆ ಇರಲಿಲ್ಲ, ಇದು ಬೇರೆ ಸೇರಿತು. ಓಡಿಹೋಗಿ ಕೂಸನ್ನು ಮಗಳ ತೊಡೆಯಿಂದ ಎತ್ತಿಕೊಂಡು ಬಂದೆ. "ಹಿಡಿ ಭಾಗ್ಯಾ, ಹಿಡಿ! ಎಲ್ಲರೂ ಎತ್ಕೊಂಡಾರ, ನೀ ಒಬ್ಬಾಕಿ ಬಾಕಿ" ಅಂತ ಎರಡೂ ಕೈಯಲ್ಲಿ ಮುಂದೆ ಹಿಡಿದೆ.

ಅವಳು ಕೈ ಚಾಚಲಿಲ್ಲ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಹೊಸ್ತಿಲಾಚೆ ಸರಿದಳು.

ಹೆಂಗಸು ಕೂಸು ಬೇಡ ಅನ್ನುವುದೆಂದರೆ ನಮ್ಮಲ್ಲಿ ಸಣ್ಣ ಮಾತಲ್ಲ. ಮಕ್ಕಳಾಗುವುದಿಲ್ಲವೆಂಬ ಅವಳ ನೋವನ್ನು ಎಲ್ಲರೆದುರು ಕೆದಕಿಬಿಟ್ಟೆನೇ ಅಂತ ನನಗೆ ಅನ್ನಿಸಿತು. ಬೀಗಿತ್ತಿ ಹುಬ್ಬು ಏರಿಸಿ, "ಯಾಕವ್ವಾ, ನಮ್ಮ ಕೂಸಿಗಿ ಏನಾಗ್ಯಾದ?" ಅಂದರು.

"ಕೂಸಿಗಿ ಏನೂ ಆಗಿಲ್ಲರಿ" ಅಂದಳು ಭಾಗ್ಯ. ನನ್ನ ಕಡೆ ತಿರುಗಿ, "ಮೌಶಿ, ಪೋಲಿಯೋ ಹನಿ ಹಾಕ್ಸೀರಿ?"

"ಹುಟ್ಟಿದ ದಿನಾನೇ..." ಅಂದೆ. ಅಂದವಳು ಅಲ್ಲೇ ನಿಂತೆ.

ಹನಿಯಲ್ಲಿ ಇರುವುದು ಜೀವಂತ ಕ್ರಿಮಿ, ಬಲ ಕುಂದಿಸಿದ್ದು. ಕೂಸಿಗೆ ಅದರಿಂದ ಒಳ್ಳೆಯದೇ. ಆದರೆ ಕೆಲವು ವಾರ ಕೂಸಿನ ಮಲದಲ್ಲಿ ಅದು ಹೊರಗೆ ಬರುತ್ತದೆ. ಬಟ್ಟೆಯಿಂದ, ಕೈಯಿಂದ ಭಾಗ್ಯಳಂಥ ಗುಳಿಗೆ ನುಂಗುವವರಿಗೆ ದಾಟಿದರೆ ಅಪಾಯ. ಇದನ್ನು ಎಷ್ಟೋ ಅಂಗಳದಲ್ಲಿ ಕೂತು ನಾನೇ ಹೇಳಿದ್ದೇನೆ. ಅವಳಿಗೂ ನಾನೇ ಹೇಳಿದ್ದೆ.

"ಇದೇನ್ ಹೊಸಾ ಮಡಿ?" ಅಂದರು ಬೀಗಿತ್ತಿ.

"ಮಡಿ ಅಲ್ಲರಿ, ನಂದೇ ಅಂಜಿಕಿ. ಹನಿ ಎಲ್ಲಾ ಮುಗೀಲಿ, ಡಾಕ್ಟರ್ ಅಮ್ಮಗ ಕೇಳಿ ಬರ್ತೇನಿ. ಆಮ್ಯಾಲ ಸಾಕು ಅನ್ನೂತನಕ ಎತ್ಕೋತೇನಿ" ಅಂದಳು. ಗಿಲಕಿಯನ್ನು ಹೊಸ್ತಿಲ ಮೇಲೆ ಇಟ್ಟಳು. "ಮುಖದ ಮ್ಯಾಲಿನ ಅರಿವಿ ಸರಸ್ರಿ ಮೌಶಿ, ಇಲ್ಲಿಂದೇ ನೋಡ್ತೇನಿ."

ಸರಿಸಿದೆ. ಅವಳು ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿದ್ದವು.

"ಅಯ್ಯ, ಮೂಗು ನಿಮ್ದೇ ಬಂದದಲ್ರಿ. ಪಾಪ!"

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು, ಕಾಲು ನನಗೆ ತಿಳಿಯದೆ ಅವಳ ಕಡೆಗೇ ಹೊರಟವು.

"ಮೌಶಿ" ಅಂದಳು ಭಾಗ್ಯ, "ಇನ್ನೊಂದು ಹೆಜ್ಜಿ ಹಿಂದ ಸರೀರಿ."

ಕೂಸನ್ನು ಎದೆಗೆ ಒತ್ತಿಕೊಂಡು ಸರಿದೆ.